ಹೆಬ್ಬೆರಳಿನ ಲೆಕ್ಕ

ನಿವೃತ್ತನಾದ ಮೇಲೆ ನಾನು ಒಳ್ಳೆಯವನಾದೆ ಎಂದು ಒಂದು ಪದ್ಯ ಬರೆದೆ. ಹಾಗೆಂದು ನೇರವಾಗಿ ಬರೆಯಲಿಲ್ಲ, ಪದ್ಯದಲ್ಲಿ ನೇರವಾಗಿ ಬರೆದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ‘ಹೇಳಿ ಹೇಳಿ ಬಾಯಿ ದಣಿಯಿತು, ಇನ್ನು ಕಿವಿಯ ಸರದಿ’ ಎಂದು ಶುರುಮಾಡಿ, ಜೀವಮಾನವೆಲ್ಲ ಎಲ್ಲರನ್ನೂ ತಿದ್ದಿದವನು ಈಗ ಸುಮ್ಮನೆ ಕೂತು ಕೇಳುವುದನ್ನು ಕಲಿತೆ ಎಂಬಲ್ಲಿಗೆ ಮುಗಿಸಿದೆ. ಸವಳಂಗ ರಸ್ತೆಯ ಒಂದು ಸಭಾಂಗಣದಲ್ಲಿ ನಡೆದ ಕವಿಗೋಷ್ಠಿಯಲ್ಲಿ ಅದನ್ನು ಓದಿದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಶಾಲು ಹೊದಿಸಿದರು, ಫೋಟೊ ತೆಗೆದರು. ಆಟೋದಲ್ಲಿ ಮನೆಗೆ ಬರುವಾಗ ನನ್ನ ಹೆಂಡತಿ ಮಾತ್ರ, “ಪದ್ಯ ಚೆನ್ನಾಗಿತ್ತು ಕಣ್ರೀ. ಯಾರ ಬಗ್ಗೆ ಬರೆದಿದ್ದು?” ಎಂದು ಕೇಳಿದಳು. ನಾವಿರುವ ಹೊಸಮನೆ ಬಡಾವಣೆ ಬರುವ ತನಕ ನಾನು ಅವಳ ಜೊತೆ ಮಾತಾಡಲಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. ಯಾರು ಪದ್ಯ ಹೇಳಿದರೂ ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡತೊಡಗುತ್ತದೆ. ಅದು ಮಾತ್ರೆ ಎಣಿಸುವ ಅಭ್ಯಾಸ. ಹ್ರಸ್ವಕ್ಕೆ ಒಂದು ಗೆಣ್ಣು, ದೀರ್ಘಕ್ಕೆ ಎರಡು. ಲೆಕ್ಕ ತಪ್ಪಿದಲ್ಲಿ ಬೆರಳು ನಿಲ್ಲುತ್ತದೆ, ಬೆರಳು ನಿಂತ ಕೂಡಲೇ ಬಾಯಿ ಶುರುವಾಗುತ್ತದೆ. ನೆಂಟರ ಮದುವೆಯಲ್ಲಿ ಹೆಂಗಸರು ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಾಗಲೂ ನಡುವೆ ಬಾಯಿ ಹಾಕಿ, “ಮೇಷ್ಟ್ರೇ, ನೀವು ಮೊದಲ ಪಂಕ್ತಿಗೇ ಊಟಕ್ಕೆ ಕೂತ್ಬಿಡಿ” ಎಂದು ಅನ್ನಿಸಿಕೊಂಡವನು ನಾನು. ಆಗೆಲ್ಲ ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು.

ನನಗೊಬ್ಬಳು ತಂಗಿ ಇದ್ದಾಳೆ, ಭದ್ರಾವತಿಯ ನ್ಯೂ ಟೌನಿನಲ್ಲಿ. ಗಂಡ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೆ ಅಲ್ಲೇ ಹತ್ತಿರದಲ್ಲಿ ಒಂದು ಸಣ್ಣ ಮನೆ ಹಿಡಿದು ಒಬ್ಬಳೇ ಇದ್ದಾಳೆ. ಚಿಕ್ಕಂದಿನಲ್ಲಿ ಅವಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತಿದ್ದವನು ನಾನೇ. ಅಣ್ಣನ ಹೆಬ್ಬೆರಳು ನಿಂತರೆ ತಲೆಗೊಂದು ಮೊಟಕು ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಕ್ರಮೇಣ ನನ್ನೆದುರು ಪದ್ಯ ಹೇಳುವುದನ್ನೇ ಬಿಟ್ಟಳು. ಬಿಟ್ಟದ್ದು ನನ್ನ ಗಮನಕ್ಕೂ ಬಂದಿರಲಿಲ್ಲ.

ಕವಿಗೋಷ್ಠಿಯ ಮಾರನೆಯ ದಿನ ನನ್ನ ಪದ್ಯವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ನಾನೇ ಹಾಕಿದೆ. ಮಧ್ಯಾಹ್ನ ತಂಗಿಯ ಫೋನ್ ಬಂತು.

“ಅಣ್ಣ, ಎಷ್ಟು ಸಲ ಓದಿದ್ನೋ ಲೆಕ್ಕ ಇಲ್ಲ. ನೀನೇನಾ ಬರ್ದಿದ್ದು ಅನ್ನಿಸ್ತು. ನಾನೂ ಒಂದು ಕಟ್ಟಿದೀನಿ, ಅವ್ರು ಹೋದ ಮೇಲೆ. ಅಡುಗೆ ಮಾಡ್ತಾ ಮಾಡ್ತಾ ಹಾಗೇ ಬಂದಿದ್ದು. ಯಾರಿಗೂ ಹೇಳಿಲ್ಲ. ಭಾನುವಾರ ಬರ್ತೀನಿ, ಕೇಳ್ತೀಯಾ?”

“ಬಾ ಮಾರಾಯ್ತಿ, ಕೇಳಕ್ಕೇ ಕೂತಿದೀನಿ” ಎಂದೆ. ನನ್ನ ಪದ್ಯಕ್ಕೆ ಸಿಕ್ಕ ಎಲ್ಲ ಹೊಗಳಿಕೆಗಿಂತ ಇದೇ ದೊಡ್ಡದು ಅನ್ನಿಸಿ ಆ ದಿನವೆಲ್ಲ ಬೀಗುತ್ತಲೇ ಇದ್ದೆ.

ಭಾನುವಾರ ಬಂದಳು. ಒಂದು ಡಬ್ಬಿ ಕೋಡುಬಳೆ ಮಾಡಿಕೊಂಡು ಬಂದಿದ್ದಳು. ಕಾಫಿ ಆಯಿತು, ಆ ಮಾತು ಈ ಮಾತು ಆಯಿತು. ಆಮೇಲೆ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಚಿಕ್ಕ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು ಕೂತಳು. ಕಾಗದ ಇರಲಿಲ್ಲ, ಎಲ್ಲ ಬಾಯಲ್ಲೇ ಇತ್ತು.

‘ಒಬ್ಬಳಿಗಕ್ಕಿಯ ಅಳೆಯಲು ಬಾರದೆ
ಇಬ್ಬರಿಗಾಗುವ ಅನ್ನವ ಮಾಡಿದೆ
ಮಿಕ್ಕಿದ ತುತ್ತನು ಕಾಗೆಗೆ ಇಟ್ಟೆನು
ಕಾಗೆಗೆ ರೂಢಿಯಾಯಿತು, ನನಗೆ’

ಅಲ್ಲಿ ಕಣ್ಣು ತೆರೆದಳು. ನನ್ನ ಮುಖ ನೋಡಲಿಲ್ಲ, ತೊಡೆಯ ಮೇಲಿದ್ದ ನನ್ನ ಕೈ ನೋಡಿದಳು. ಅಷ್ಟೇ, ಮುಂದಿನ ಸಾಲು ಬರಲಿಲ್ಲ. ನಾನೂ ನೋಡಿಕೊಂಡೆ. ಹೆಬ್ಬೆರಳು ಉಂಗುರದ ಬೆರಳಿನ ಗೆಣ್ಣಿನ ಮೇಲೆ ನಿಂತಿತ್ತು. ನಾನು ತುಟಿ ಪಿಟಕ್ಕೆನ್ನದೆ ಕೂತಿದ್ದೆ, ತಲೆ ಬೇರೆ ತೂಗುತ್ತಿದ್ದೆ, ಕೇಳುತ್ತಿದ್ದೇನೆ ಎಂದೇ ನಂಬಿದ್ದೆ. ಸತ್ತ ಗಂಡನ ಪಾಲಿನ ಅನ್ನವನ್ನು ತಂಗಿ ಕಾಗೆಗಿಡುತ್ತಿದ್ದರೆ ನಾನು ಗೆಣ್ಣು ಎಣಿಸುತ್ತಿದ್ದೆ.

ಆಗಲಾದರೂ ಸುಮ್ಮನಿರಬಹುದಿತ್ತು. “ಮೂರು ಸಾಲೂ ಸರಾಗವಾಗಿ ಬಂತು. ‘ರೂಢಿಯಾ’ ಅನ್ನೋ ಹತ್ರ ಒಂದು ಮಾತ್ರೆ ಜಾಸ್ತಿಯಾಗುತ್ತೆ ನೋಡು. ಅದಕ್ಕೇ ನಿನ್ನ ನಾಲಿಗೆ ತಡವರಿಸ್ತು” ಎಂದುಬಿಟ್ಟೆ.

“ಹೌದಾ?” ಎಂದಳು. “ಮುಂದಿಂದು ಮರೆತೇಹೋಯ್ತು ಅಣ್ಣ.” ಎದ್ದು ಒಳಗೆ ಹೋಗಿ ಅತ್ತಿಗೆಯ ಜೊತೆ ಹುರುಳಿಕಾಯಿ ಹೆಚ್ಚತೊಡಗಿದಳು.

ನನಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟಕ್ಕೆಲ್ಲ ಮುಖ ಊದಿಸಿಕೊಂಡರೆ ಪದ್ಯ ಯಾಕೆ ಕಟ್ಟಬೇಕು? ಗೊತ್ತಿರುವವನು ಹೇಳದಿದ್ದರೆ ಬೀದಿಯಲ್ಲಿ ಹೋಗುವವನು ಬಂದು ಹೇಳುತ್ತಾನೆಯೇ? ಇದನ್ನೇ ಸಂಜೆ, ತಂಗಿಯನ್ನು ಬಸ್ ಹತ್ತಿಸಿ ಬಂದ ಮೇಲೆ, ಹೆಂಡತಿಯ ಮುಂದೆ ಹೇಳಿದೆ. ಅವಳು ಕೋಡುಬಳೆ ಡಬ್ಬಿಯ ಮುಚ್ಚಳ ಹಾಕುತ್ತಾ, “ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ. ನಿಮ್ಮ ಪದ್ಯ ಓದಿ ಅದು ಹೋಗಿದೆ ಅಂತ ನಂಬ್ಕೊಂಡು ಬಂದಿದ್ಳು ಪಾಪ” ಎಂದಳು.

ಆಮೇಲಿನ ದಿನಗಳಲ್ಲಿ ಆ ‘ನನಗೆ’ ಎಂಬ ಮಾತು ನನ್ನ ಬೆನ್ನು ಬಿಡಲಿಲ್ಲ. ಕಾಗೆಗೆ ರೂಢಿಯಾಯಿತು, ನನಗೆ ಏನಾಯಿತು? ರೂಢಿಯಾಗಲಿಲ್ಲ ಎಂದಿರಬೇಕು. ಮತ್ತೇನಿರುತ್ತದೆ? ಹಾಲು ತರಲು ಹೋಗುವಾಗ ಅವಳ ಸಾಲನ್ನು ನಾನೇ ನಾಲ್ಕಾರು ಥರ ಮುಗಿಸಿ ನೋಡಿದೆ, ಎಲ್ಲಕ್ಕೂ ಮಾತ್ರೆ ಸರಿಯಾಗಿತ್ತು. ಒಮ್ಮೆ ಹಾಗೆ ಮುಗಿಸುತ್ತಿರುವಾಗಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳ ದುಃಖಕ್ಕೂ ಕೊನೆಯ ಸಾಲು ನಾನೇ ಬರೆದುಕೊಡಬೇಕೆ?

ಯುಗಾದಿಗೆ ಮುಂಚೆ ಒಂದು ದಿನ ಭದ್ರಾವತಿಗೆ ಹೋದೆ. ಅವಳು ಎಂದಿನಂತೆ ನಗುನಗುತ್ತಾ ಮಾತಾಡಿಸಿದಳು. ಅದೇ ನನಗೆ ಹೆಚ್ಚು ಕಷ್ಟವಾಯಿತು, ಬೈದಿದ್ದರೆ ಚೆನ್ನಾಗಿತ್ತು.

“ಅವತ್ತು ತಪ್ಪಾಯ್ತು ಕಣೆ” ಎಂದೆ.

“ಏನ್ ತಪ್ಪು? ಕಲಿಸ್ದೋನು ನೀನು, ತಿದ್ದಿದೀಯ.”

“ಈಗ ಪೂರ್ತಿ ಹೇಳು. ಬೇಕಾದ್ರೆ ಕೈ ಬೆನ್ನ ಹಿಂದೆ ಕಟ್ಕೊಂಡು ಕೂರ್ತೀನಿ.”

ಅವಳು ಜೋರಾಗಿ ನಕ್ಕಳು. “ಅಯ್ಯೋ ಬಿಡು ಮಾರಾಯ, ಊಟಕ್ಕೇಳು” ಎಂದಳು. ಬಡಿಸುತ್ತಾ ಬಡಿಸುತ್ತಾ, ಯುಗಾದಿ ದಿನ ಬೀದಿಯ ಹೆಂಗಸರ ಭಜನೆ ಮಂಡಳಿಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಇದೆ, ಪಕ್ಕದ ಮನೆಯ ತಮಿಳು ಅಮ್ಮ ಬಲವಂತ ಮಾಡಿ ತನ್ನ ಹೆಸರು ಕೊಟ್ಟಿದ್ದಾರೆ, ಅಲ್ಲಿ ಹೇಳುತ್ತೇನೆ ಎಂದಳು. ನಾನು ಕೂಡಲೇ, “ನಾವಿಬ್ರೂ ಬರ್ತೀವಿ” ಎಂದೆ.

ಸಾರಿನ ಸೌಟನ್ನು ಪಾತ್ರೆಯಲ್ಲೇ ಇಳಿಬಿಟ್ಟಳು. “ಅತ್ತಿಗೇನ ಕಳ್ಸು. ನೀನು ಬರ್ಬೇಡ ಅಣ್ಣ.”

“ಯಾಕೆ?”

“ಬೇಜಾರ್ ಮಾಡ್ಕೋಬೇಡ. ನೀನು ಎದ್ರಿಗಿದ್ರೆ ನಂಗೆ ಅವ್ರ ನೆನಪು ಬರಲ್ಲ. ನಿನ್ನ ಕೈನೇ ನೋಡ್ತಾ ಇರ್ತೀನಿ.”

ತಲೆ ತಗ್ಗಿಸಿ ಊಟ ಮುಗಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಧ ದಾರಿ ಕುದಿಯುತ್ತಲೇ ಇದ್ದೆ. ಅಕ್ಷರ ತಿದ್ದಿಸಿದವನಿಗೇ ಬರಬೇಡ ಅನ್ನುತ್ತಾಳಲ್ಲ ಎಂದು. ಉಳಿದ ಅರ್ಧ ದಾರಿಯಲ್ಲಿ ಕುದಿಯಲು ಏನೂ ಉಳಿದಿರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಗೊತ್ತಿದ್ದೂ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಯುಗಾದಿ ದಿನ ಬೇವು ಬೆಲ್ಲ ತಿಂದು, ಊಟ ಮುಗಿಸಿ, ಹೆಂಡತಿ ಹೊಸ ಸೀರೆ ಉಟ್ಟುಕೊಂಡು ಹೊರಟಳು. ನಾನು ಮನೆಯಲ್ಲಿ ಉಳಿದೆ. ಫೋನ್ ತೆಗೆದು ತಂಗಿಯ ಬಗ್ಗೆ ಒಂದು ಪದ್ಯ ಬರೆಯಲು ಕೂತೆ. ಅವಳ ಬಾಯಿ ಕಟ್ಟಿದ ಪಾಪಿ ನಾನು ಎಂಬರ್ಥದ್ದು. ಒಂದೇ ಏಟಿಗೆ ಬಂತು. ಪ್ರಾಸ ಕೂತಿತು, ಲಯ ಕೂತಿತು, ಎಣಿಸಿ ನೋಡಿದರೆ ಒಂದು ಮಾತ್ರೆಯೂ ಹೆಚ್ಚುಕಮ್ಮಿ ಇಲ್ಲ. ಇದಕ್ಕೆ ಹೋದ ಸಲಕ್ಕಿಂತ ಹೆಚ್ಚು ಜನ ಕಣ್ಣೊರೆಸಿಕೊಳ್ಳುತ್ತಾರೆ, ಮುಂದಿನ ಕವಿಗೋಷ್ಠಿ ಯಾವಾಗಲೋ ಎಂದು ಯೋಚಿಸುತ್ತಿದ್ದೆ. ಯೋಚನೆ ಅಲ್ಲಿಗೆ ಬಂದಾಗ ಫೋನನ್ನು ಮಗುಚಿ ಇಟ್ಟೆ. ತಪ್ಪು ಒಪ್ಪಿಕೊಳ್ಳುವುದಕ್ಕೂ ನನಗೆ ಶಾಲು ಬೇಕಾಗಿತ್ತು. ಅದನ್ನು ಅಳಿಸಿಹಾಕಿದೆ ಎಂದು ಇಲ್ಲಿ ಬರೆದರೆ ಚೆನ್ನಾಗಿರುತ್ತದೆ, ಆದರೆ ಅಳಿಸಲಿಲ್ಲ. ಇನ್ನೂ ಫೋನಿನಲ್ಲೇ ಇದೆ.

ಸಂಜೆ ಹೆಂಡತಿ ಬಂದಳು. ಚಪ್ಪಲಿ ಬಿಡುವ ಮೊದಲೇ, “ಹೇಳಿದ್ಲಾ?” ಎಂದು ಕೇಳಿದೆ.

“ಹೇಳಿದ್ಲು. ಎಲ್ರೂ ಅತ್ರು. ಆ ತಮಿಳು ಅಮ್ಮ ಅರ್ಧ ಅರ್ಥ ಆಗಿದ್ದಕ್ಕೇ ಎಲ್ರಿಗಿಂತ ಜಾಸ್ತಿ ಅತ್ರು.”

“ಕಾಗೆಗೆ ರೂಢಿಯಾಯಿತು, ನನಗೆ... ಆಮೇಲೆ ಏನು?”

ಅವಳು ಕುರ್ಚಿಯಲ್ಲಿ ಕೂತು ನೆನಪು ಮಾಡಿಕೊಂಡಳು. “ನನಗೆ ಈಗ ಒಬ್ಬಳ ಅಳತೆ ಗೊತ್ತಾಗಿದೆ ಅಂತ. ಆದ್ರೆ ಕಾಗೆ ದಿನಾ ಬಂದು ಕಾಯುತ್ತಲ್ಲ, ಅದಕ್ಕೋಸ್ಕರ ಒಂದು ಹಿಡಿ ಹೆಚ್ಚಿಗೆ ಹಾಕ್ತೀನಿ ಅಂತ. ಅವಳ ಬಾಯಲ್ಲಿ ಕೇಳ್ಬೇಕು ಅದನ್ನ, ನಂಗೆ ಹಾಗೆ ಹೇಳಕ್ ಬರಲ್ಲ.”

ಹಾಲು ತರುವ ದಾರಿಯಲ್ಲಿ ನಾನು ಕಟ್ಟಿದ ಯಾವ ಸಾಲೂ ಇದರ ಹತ್ತಿರ ಸುಳಿದಿರಲಿಲ್ಲ. ದುಃಖ ಹಾಗೇ ಇದೆ ಎಂದು ನಾನು ಮುಗಿಸಿದ್ದೆ. ಅವಳು ಅದನ್ನು ದಾಟಿ, ಕಾಯುವ ಕಾಗೆಯ ಹೊಟ್ಟೆಯನ್ನೂ ನೋಡಿದ್ದಳು.

“ಅಷ್ಟೇನಾ? ಅಲ್ಲಿಗೇ ಮುಗೀತಾ?”

ಹೆಂಡತಿ ಸೆರಗಿನ ಪಿನ್ನು ಬಿಚ್ಚುತ್ತಾ ಹೇಳಿದಳು. “ನಿಮ್ಮ ಪದ್ಯ ಓದಿದ ಮೇಲೆ ಕೊನೇಲಿ ನಿಮ್ಮ ಮೇಲೂ ಒಂದು ನುಡಿ ಸೇರಿಸಿದ್ಳಂತೆ. ನಮ್ಮಣ್ಣ ಈಗ ಬದಲಾಗಿದಾನೆ, ನಾನು ಬಾಯಿ ಬಿಟ್ರೆ ಕೇಳೋರು ಒಬ್ರಿದಾರೆ ಅಂತ. ಅವತ್ತು ಭಾನುವಾರ ಅದನ್ನೇ ನಿಮಗೆ ಕೇಳ್ಸಕ್ಕೆ ಬಂದಿದ್ಳಂತೆ.”

“ಇವತ್ತು ಹೇಳಿದ್ಲಾ ಅದನ್ನ?”

“ಇಲ್ಲ. ‘ತೆಗೆದ್ಹಾಕ್ದೆ ಅತ್ತಿಗೆ, ಇಡೀ ಪದ್ಯದಲ್ಲಿ ಸುಳ್ಳು ಅಂತ ಇದ್ದಿದ್ದು ಅದೊಂದೇ’ ಅಂದ್ಲು.”