ಮೊದಲಿನಿಂದಲೂ ಇದ್ದ ಕೋಟಾ

ಅಕ್ಕನ ಮಗಳಿಗೆ ಡಾಕ್ಟರಿಕೆ ಓದಲು ಸೀಟು ಸಿಕ್ಕಿತ್ತು. ಸಂವಿಧಾನದ 371(ಜೆ) ಕಲಮಿನಡಿ ನಮ್ಮ ಭಾಗದವರಿಗೆಂದೇ ಮೀಸಲಿಟ್ಟ ಸೀಟು. ಅವಳನ್ನು ಕಾಲೇಜಿಗೆ ಸೇರಿಸಲು ಯಲಬುರ್ಗಾದಿಂದ ಕೊಪ್ಪಳಕ್ಕೆ ಹೊರಟಿದ್ದೆವು. ಕಾರು ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಅಕ್ಕ, ಹಿಂದೆ ಹುಡುಗಿ.

ದಾರಿಯಲ್ಲಿ ರಸ್ತೆ ತಡೆ. ಯಾವುದೋ ಹಾಸ್ಟೆಲಿನ ಹುಡುಗಿಯರು ನೀರಿಲ್ಲವೆಂದು ಖಾಲಿ ಕೊಡ ಇಟ್ಟುಕೊಂಡು ನಡುರಸ್ತೆಯಲ್ಲಿ ಕುಳಿತಿದ್ದರು.

"ಇವ್ರಿಗೆ ಬ್ಯಾರೆ ಕೆಲ್ಸ ಇಲ್ಲೇನ್ ಮಾಮಾ?" ಎಂದಳು ಹುಡುಗಿ. "ರಸ್ತ್ಯಾಗ ಕುಂತ್ರ ಏನ್ ಸಿಗತೈತಿ? ನಾ ಓದಿ ಸೀಟ್ ತಗೊಂಡಿಲ್ಲೇನು?"

ನನ್ನ ಮೈ ಉರಿಯಿತು. ಗಾಡಿ ಬಂದ್ ಮಾಡಿದೆ.

"ನಿನ್ನ ಸೀಟು ಎಲ್ಲಿಂದ ಬಂತು, ಗೊತ್ತೈತೇನು?"

"ಕೋಟಾದಾಗ. ಅದು ಮೊದ್ಲಿಂದ್ಲೂ ಐತೆಲ್ಲ."

ಮೊದಲಿನಿಂದಲೂ ಐತಂತೆ. ಓದಿಗೂ ನೌಕರಿಗೂ ಆ ಕೋಟಾ ಬೇಕೆಂದು ಕುಷ್ಟಗಿಯ ಕೂಡುರಸ್ತೆಯಲ್ಲಿ ಕುಳಿತವರಲ್ಲಿ ಅವಳ ತಾಯಿಯೂ ಒಬ್ಬಳು. ಆಗ ಅಕ್ಕ ಬಿಎ ಓದುತ್ತಿದ್ದಳು. ನಮ್ಮ ಕಡೆಯ ನೌಕರಿಗಳಿಗೆ ಹೊರಗಿನವರು ಬರುವುದು, ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋಗುವುದು, ಇಲ್ಲಿಯ ಹುಡುಗರು ಖಾಲಿ ಕೂರುವುದು ನಡೆದೇ ಇತ್ತು. ಪೊಲೀಸರು ಲಾಠಿ ಬೀಸಿದಾಗ ಅಕ್ಕ ತಲೆಗೆ ಕೈ ಅಡ್ಡ ಹಿಡಿದಳು. ಮೊಣಕೈ ಮುರಿಯಿತು. ಅದು ಇವತ್ತಿಗೂ ನೆಟ್ಟಗಾಗುವುದಿಲ್ಲ. ನೋಡಲು ಬಂದ ಗಂಡುಗಳೆಲ್ಲ ಆ ಕೈ ನೋಡಿ ಎದ್ದು ಹೋದರು, ಲಗ್ನ ತಡವಾಯಿತು. ಕಲಮು ಜಾರಿಗೆ ಬರುವ ಹೊತ್ತಿಗೆ ನೌಕರಿಗೆ ಅರ್ಜಿ ಹಾಕುವ ವಯಸ್ಸೇ ಅವಳಿಗೆ ಮೀರಿತ್ತು.

ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಹುಡುಗಿ ತಾಯಿಯ ಕಡೆ ನೋಡಿದಳು.

"ಮಾಳಿಗಿ ಮ್ಯಾಲಿಂದ ಬಿದ್ದಿದ್ದೆ ಅಂದಿದ್ದಿಯಲ್ಲವ್ವಾ?"

"ಖರೇ ಹೇಳಿದ್ರ ನೀನೂ ರಸ್ತೆಕ್ಕ ಇಳಿತಿದ್ದಿ," ಎಂದಳು ಅಕ್ಕ. "ನನಗಾಗಿದ್ದ ಸಾಕು."

ನನ್ನ ಸಿಟ್ಟು ಅಕ್ಕನ ಮೇಲೆ ತಿರುಗಿತು. "ಸುಳ್ಳು ಹೇಳಿ ಬೆಳಿಸಿದಿ. ಈಗ ಏನಂತಾಳ ಕೇಳಿದ್ಯಲ್ಲ."

"ಸಾಲ್ಯಾಗ ಹೇಳ್ಲಿಲ್ಲ, ಮನ್ಯಾಗ ಹೇಳ್ಲಿಲ್ಲ," ಎಂದಳು ಹುಡುಗಿ. "ಈಗ ನನ್ನ ಮ್ಯಾಲೆ ಒದರ್ತೀರಿ."

ರಸ್ತೆ ತೆರೆದ ಮೇಲೆ ಕೊಪ್ಪಳಕ್ಕೆ ಹೋಗಿ ಅವಳನ್ನು ಕಾಲೇಜಿಗೆ ಸೇರಿಸಿ ಬಂದೆವು.

ಮುಂದಿನ ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಹುಡುಗಿಯ ಫೋನು ಬಂತು. ಅವತ್ತು ಕುಷ್ಟಗಿಯಲ್ಲಿ ಜೊತೆಗೆ ಯಾರಿದ್ದರು, ಹೊಡೆದ ಮೇಲೆ ಯಾರು ಎತ್ತಿಕೊಂಡು ಹೋದರು ಎಂದು ಕೇಳುತ್ತಿದ್ದಳು. ಅಕ್ಕ ಫೋನನ್ನು ನನ್ನ ಕೈಗೆ ತುರುಕಿದಳು.

"ನೀನ ಶುರು ಮಾಡಿದಿ, ನೀನ ಹೇಳು."

ನನಗೆ ಗೊತ್ತಿದ್ದಷ್ಟು ಹೇಳತೊಡಗಿದೆ. ಅಕ್ಕ ಹೋಗಿ ಟಿವಿಯ ಸದ್ದು ಹೆಚ್ಚಿಸಿದಳು. ಅಕ್ಕನಿಗೂ ಕೇಳಲಿ ಎಂದು ನಾನು ಇನ್ನೂ ಜೋರಾಗಿ ಹೇಳಿದೆ.