ಗುಂಡಿ ಹಾಕದ ಅಂಗಿಗಳು

ನಮ್ಮ ಪಕ್ಕದ ಟೈಲರಮ್ಮನ ಬಾಯಿ ಅವಳ ಕತ್ತರಿಗಿಂತ ಚುರುಕು. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಂಡಸರಿಗೆ, "ಉಸಿರು ಬಿಡಿ ಸ್ವಾಮಿ, ಅಂಗಿ ತೊಟ್ಟಮೇಲೂ ಉಸಿರಾಡಬೇಕಲ್ಲ" ಅನ್ನುತ್ತಾಳೆ. ಅಂಥವಳು ಇಪ್ಪತ್ತು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಊಟವೂ ಸೇರುತ್ತಿರಲಿಲ್ಲ.

ಗಂಡ ಸೈನ್ಯದಲ್ಲಿ. ಅವಳ ಮನೆಯಲ್ಲಿ ಫೋನಿಲ್ಲ. ಅವನು ಮಾಡುವುದು ನನ್ನ ಜೆರಾಕ್ಸ್ ಅಂಗಡಿಗೇ. ಎಲ್ಲಿಗೆ ಕಳಿಸುತ್ತಾರೆಂದು ಫೋನಿನಲ್ಲಿ ಹೇಳುವಂತಿಲ್ಲ. ಅದಕ್ಕೇ ಗಂಡಹೆಂಡಿರು ಒಂದು ಗುಟ್ಟಿನ ಮಾತು ಮಾಡಿಕೊಂಡಿದ್ದರು. "ಗುಂಡಿ ಕಿತ್ತುಹೋಯ್ತು" ಅಂದರೆ, ಗುಂಡು ಹಾರುವ ಕಡೆಗೆ ಹೊರಟೆ ಎಂದು. "ಗುಂಡಿ ಹಾಕ್ಕೊಂಡೆ" ಅಂದರೆ, ಕ್ಷೇಮವಾಗಿ ಹಿಂದಿರುಗಿದೆ ಎಂದು. ಒಂಬತ್ತು ವರ್ಷದ ಮಗಳಿಗೆ ಇದೆಲ್ಲ ತಿಳಿಯದು ಅಂದುಕೊಂಡಿದ್ದರು.

ಗುಂಡಿ ಕಿತ್ತುಹೋದ ದಿನದಿಂದ ಟೈಲರಮ್ಮ ಯಾವ ಅಂಗಿಗೂ ಗುಂಡಿ ಹಾಕಲಿಲ್ಲ. ಹೊಲಿದು, ಕಾಜಾ ಮಾಡಿ, ಅಷ್ಟಕ್ಕೇ ಬಿಡುವಳು. ಹಲಗೆಯ ಮೇಲೆ ಮೂವತ್ತು ಅಂಗಿ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

"ಇದೇನೇ ಹುಚ್ಚು?" ಎಂದು ಬೈದೆ.

"ಅವರು ಹಾಕ್ಕೊಳ್ಳೋವರೆಗೂ ನನಗೆ ಕೈ ಬರಲ್ಲ ಅಕ್ಕ," ಅಂದಳು.

ಒಂದು ಮಧ್ಯಾಹ್ನ ಹುಡುಗಿಯನ್ನು ಅಂಗಡಿಯಲ್ಲಿ ಕೂರಿಸಿ ಕಾಗದ ತರಲು ಹೋಗಿದ್ದೆ. ಬರುವಷ್ಟರಲ್ಲಿ ಪಕ್ಕದಲ್ಲಿ ನಗು! "ಇವರಪ್ಪ ಫೋನ್ ಮಾಡಿದ್ರಂತೆ ಅಕ್ಕ, ಗುಂಡಿ ಹಾಕ್ಕೊಂಡ್ರಂತೆ!" ಟೈಲರಮ್ಮ ತಟ್ಟೆ ತುಂಬ ಉಂಡು, ಮೂವತ್ತು ಅಂಗಿಗೂ ಗುಂಡಿ ಹಾಕಲು ಕೂತಳು.

ಆ ಸಂಜೆಯೇ ನಾನು ಯಾರಿಗೋ ಫೋನ್ ಮಾಡಲು ರಿಸೀವರ್ ಎತ್ತಿದೆ. ಸದ್ದೇ ಇಲ್ಲ. "ಬೆಳಗ್ಗೆಯಿಂದ ಬೀದಿಗೇ ಲೈನ್ ಇಲ್ವಲ್ಲ," ಅಂದ ಎದುರಿನ ಔಷಧಿ ಅಂಗಡಿಯವನು.

ಹುಡುಗಿಯ ಮುಖ ನೋಡಿದೆ.

"ಅಮ್ಮ ಊಟ ಬಿಟ್ಟಿದ್ಳು ದೊಡ್ಡಮ್ಮ. ಹೇಳ್ಬೇಡಿ."

ಹೇಳಿದರೆ ತಾಯಿ ಕುಸಿಯುತ್ತಾಳೆ. ಹೇಳದೆ ಇದ್ದು ಕೆಟ್ಟ ಸುದ್ದಿ ಬಂದರೆ? ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಂಚೆಯವನು ಬೀದಿಗೆ ಕಾಲಿಟ್ಟರೂ ನಾನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಹುಡುಗಿ ಶಾಲೆ ಬಿಟ್ಟೊಡನೆ ಬಂದು, ಸತ್ತ ಫೋನಿನ ಪಕ್ಕ ಉಗುರು ಕಚ್ಚುತ್ತ ಕೂರುವಳು. ಅಷ್ಟು ಭಾರ ಹೊರುವ ವಯಸ್ಸೇ ಅದು? ಅವರ ಆ ಗುಟ್ಟಿನ ಮಾತಿನ ಮೇಲೇ ನನಗೆ ಸಿಟ್ಟು ಬಂತು.

ಮೂರನೆಯ ದಿನ ಲೈನ್ ಬಂತು. ಸಂಜೆ ಫೋನ್ ಹೊಡೆದುಕೊಂಡಿತು. ಟೈಲರಮ್ಮ ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿ ಬಂದಳು. ಅವನ ದನಿ ನನಗೂ ಕೇಳಿಸಿತು.

"ಗುಂಡಿ ಹಾಕ್ಕೊಂಡೆ ಕಣೇ."

"ಮೊನ್ನೆನೇ ಹೇಳಿದ್ರಲ್ಲ?"

"ಮೊನ್ನೆನಾ? ನಾನು ವಾಪಸ್ ಬಂದಿದ್ದೇ ಇವತ್ತು."

ಟೈಲರಮ್ಮ ಮಗಳ ಕಡೆ ತಿರುಗಿದಳು. ಎರಡೇಟು ಬೀಳುತ್ತದೆಂದು ನಾನು ಅಡ್ಡ ನಿಂತೆ. ಅವಳು ನನ್ನನ್ನು ಸರಿಸಿ, ರಿಸೀವರನ್ನು ಹುಡುಗಿಯ ಕಿವಿಗೆ ಹಿಡಿದಳು.

"ಅಪ್ಪ," ಅಂದಳು ಹುಡುಗಿ, "ನಿಜವಾಗ್ಲೂ ಹಾಕ್ಕೊಂಡ್ಯಾ? ಇಲ್ಲಾ, ಅಮ್ಮ ಊಟ ಮಾಡ್ಲಿ ಅಂತ ಹೇಳ್ತಿದೀಯಾ?"