ತಂತಿ ಕಟ್ಟದ ಪಿನ್ನು

ಪಿನ್ನಿಗೆ ತಂತಿ ಕಟ್ಟು ಎಂದು ಅಣ್ಣ ಹೇಳಿದ್ದ. ನಾನು ಕಟ್ಟಲಿಲ್ಲ.

ಮೊನ್ನೆ ಬಂಟ್ವಾಳದಲ್ಲಿ ಕೆಟ್ಟು ನಿಂತ ಲಾರಿಯನ್ನು ಕ್ರೇನಿಗೆ ಸಿಕ್ಕಿಸುತ್ತಿದ್ದರು. ಸರಪಳಿಯ ತುದಿಯಲ್ಲಿ ಶಾಕಲ್ ಇತ್ತು. ಲಾಳದ ಹಾಗೆ ಬಾಗಿದ ಕಬ್ಬಿಣ, ಬಾಯಿಗೆ ಅಡ್ಡಲಾಗಿ ತಿರುಪಿನ ಪಿನ್ನು. ಗ್ರೀಸು ಮೆತ್ತಿದ ಆ ಪಿನ್ನನ್ನು ಕಂಡದ್ದೇ ಹೋದ ಕೆಲಸ ಬಿಟ್ಟು ಮನೆಗೆ ಬಂದೆ...

ನಮ್ಮದು ಫರಂಗಿಪೇಟೆ. ಅಣ್ಣ ಮೊದಲು ನೇತ್ರಾವತಿಯಲ್ಲಿ ಮುಳುಗಿ ಮರಳು ತೆಗೆಯುತ್ತಿದ್ದ. ಅವನಷ್ಟು ಹೊತ್ತು ನೀರಿನಡಿ ಇರುವವರು ಊರಿನಲ್ಲಿ ಬೇರೆ ಇರಲಿಲ್ಲ. ಆಮೇಲೆ ಬೋಟುಗಳು ನಿಲ್ಲುವ ಮಂಗಳೂರಿನ ಧಕ್ಕೆಗೆ ಹೋಗಿ ಬೋಟು ಸೇರಿದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನೂ ಒಂದು ಮೀನಿನ ಬೋಟಿಗೆ ಸೇರಿಸಿದವನು ಅವನೇ.

ತೊಂಬತ್ತರ ದಶಕದ ಕೊನೆಯಲ್ಲಿ, ಕಡಲಿನ ಸದ್ದು ಕೇಳುವ ವಿಜ್ಞಾನಿಗಳು ಅಣ್ಣ ದುಡಿಯುತ್ತಿದ್ದ ಬೋಟನ್ನು ಬಾಡಿಗೆಗೆ ಹಿಡಿದರು. ನೀರಿನಡಿ ಮೀನು, ಹಡಗು ಏನೇನು ಸದ್ದು ಮಾಡುತ್ತವೆ ಎಂದು ರೆಕಾರ್ಡು ಮಾಡುವ ಯಂತ್ರ ಅವರದ್ದು. ನೋಡಲು ತೋಳುದ್ದದ ಉಕ್ಕಿನ ಕೊಳವೆ. ಭಾರಕ್ಕೆ ಸಿಮೆಂಟು ತುಂಬಿದ ಲಾರಿ ಟಯರು, ಟಯರಿಗೆ ಸರಪಳಿ, ಸರಪಳಿಗೆ ಶಾಕಲ್ ಹಾಕಿ ಹಗ್ಗ. ಹಗ್ಗದಲ್ಲಿ ಯಂತ್ರ, ಗುರುತಿಗೆ ಮೇಲೆ ತೇಲುವ ಬುರುಡೆ. ಆಳ ಹೆಚ್ಚಿಲ್ಲದ ಕಡೆ ಇಳಿಸಿ, ತಿಂಗಳು ಬಿಟ್ಟು ಎತ್ತಬೇಕು. ಕೈ ಸಾಲದೆಂದು ಅಣ್ಣ ನನ್ನನ್ನು ಕರೆದುಕೊಂಡ.

"ಶಾಕಲ್ ನಿನ್ನ ಕೆಲಸ. ಪಿನ್ನು ತಿರುಗಿಸಿ, ಅದು ಬಿಚ್ಚದ ಹಾಗೆ ತಂತಿ ಕಟ್ಟು," ಎಂದ.

"ನಮ್ಮ ಬೋಟಿನಲ್ಲಿ ಯಾರೂ ತಂತಿ ಕಟ್ಟುದಿಲ್ಲ ಮಾರಾಯ."

"ನಿಮ್ಮ ಬಲೆ ದಿನಾ ಮೇಲೆ ಬರ್ತದೆ. ಪಿನ್ನು ಸಡಿಲಾದ್ರೆ ಕೈಗೆ ಗೊತ್ತಾಗ್ತದೆ. ಇದನ್ನು ಅಡಿಯಲ್ಲಿ ಬಿಗಿ ಮಾಡ್ಲಿಕ್ಕೆ ಬಂಗುಡೆ ಮೀನು ಬರ್ತದಾ?"

ಎಲ್ಲರೂ ನಕ್ಕರು. ಓದಿದವರ ಎದುರು ಹಾಗೆ ಅಂದದ್ದು ನನಗೆ ಚುಚ್ಚಿತು. ಪಿನ್ನನ್ನು ಬಲವಾಗಿ ತಿರುಗಿಸಿದೆ. ತಂತಿಯನ್ನು ಕಿಸೆಗೆ ಹಾಕಿಕೊಂಡೆ. ಟಯರು ನೀರಿಗೆ ಬಿತ್ತು.

ತಿಂಗಳ ಮೇಲೆ ಹೋದಾಗ ಬುರುಡೆ ಕಾಣಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಂಥದ್ದೇ ದೊಡ್ಡ ಕೊಕ್ಕೆಯನ್ನು ಅಣ್ಣ ಅಡಿಯಲ್ಲಿ ಎಳೆಸಿದ. ಮಧ್ಯಾಹ್ನ ದಾಟಿದ ಮೇಲೆ ಟಯರು ಸಿಕ್ಕಿತು. ಸರಪಳಿ ತುಂಡಾಗಿರಲಿಲ್ಲ. ಆದರೆ ಶಾಕಲ್ ಇರಲಿಲ್ಲ, ಹಗ್ಗವೂ ಇಲ್ಲ, ಯಂತ್ರವೂ ಇಲ್ಲ.

"ತಂತಿ ಕಟ್ಟಿದ್ದೀಯಲ್ಲ?" ಅಣ್ಣ ಮೆಲ್ಲಗೆ ಕೇಳಿದ.

"ಕಟ್ಟಿದ್ದೇನೆ," ಎಂದೆ.

ಅವನು ನಂಬಿದ. ನಂಬಿ ನೇರವಾಗಿ ಯಂತ್ರದವರ ದೊಡ್ಡ ಸಾರ್ ಹತ್ತಿರ ಹೋದ. "ತಮ್ಮನ ತಪ್ಪಲ್ಲ ಸಾರ್. ತಂತಿ ಕಟ್ಟಿದ ಪಿನ್ನು ತಾನಾಗಿ ಬಿಚ್ಚುದಿಲ್ಲ. ಯಾರೋ ಬಿಚ್ಚಿದ್ದಾರೆ."

ಸಾರ್ ಕೇಳಿದರು. "ಅಲ್ಲಿ ಮುಳುಗಿ ಬಿಚ್ಚುವವರು ಯಾರಿದ್ದಾರೆ?"

ಜಾಗವೂ ಗೊತ್ತಿದ್ದು, ಮುಳುಗಲೂ ಬರುವವನು ಆ ಬೋಟಿನಲ್ಲಿ ಅಣ್ಣ ಒಬ್ಬನೇ. ನಾನು ಆಗ ಬಾಯಿ ತೆರೆದಿದ್ದರೆ...

ಪೊಲೀಸರ ತನಕ ಹೋಗಲಿಲ್ಲ. ಆದರೆ ಧಕ್ಕೆಯಲ್ಲಿ ಮತ್ತೆ ಯಾರೂ ಅವನನ್ನು ಬೋಟಿಗೆ ಹತ್ತಿಸಲಿಲ್ಲ. ಫರಂಗಿಪೇಟೆಯ ಹೋಟೆಲಿನಲ್ಲಿ ಒಬ್ಬ ಕೇಳಿಯೇಬಿಟ್ಟ. "ಏನಣ್ಣ, ಕಡಲಿನ ರೇಡಿಯೋ ಯಾವ ಗುಜರಿಗೆ ಹಾಕಿದ್ದು?" ಅಣ್ಣ ಚಾದ ಗ್ಲಾಸನ್ನು ಅರ್ಧಕ್ಕೇ ಇಟ್ಟು ಎದ್ದ. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಚಾ ಮುಗಿಸಿದೆ.

ಅವನು ಅತ್ತಿಗೆಯ ಊರಾದ ಪುಂಜಾಲಕಟ್ಟೆಗೆ ಹೋಗಿ ಮರದ ಮಿಲ್ಲಿನಲ್ಲಿ ಹೊರುವ ಕೆಲಸಕ್ಕೆ ಸೇರಿದ. ಮತ್ತೆ ನೀರಿಗಿಳಿಯಲಿಲ್ಲ. ನಾನು ಹೋದಾಗಲೆಲ್ಲ, "ನೀನಾದ್ರೂ ಬೋಟಿನಲ್ಲಿದ್ದೀಯಲ್ಲ, ಸಾಕು," ಎನ್ನುತ್ತಿದ್ದ. ಹೇಳಿಬಿಡಬೇಕೆಂದೇ ಹೋದ ದಿನಗಳಿದ್ದವು... ಊಟ ಮಾಡಿ ಬಂದೆ. ಕಳ್ಳನೆಂಬ ಹೆಸರು ಹೊತ್ತುಕೊಂಡೇ ಅವನು ತೀರಿಕೊಂಡ.

ನಮ್ಮಲ್ಲಿ ವರ್ಷಕ್ಕೊಮ್ಮೆ, ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಬಡಿಸಿದ ಮೇಲೆ ಮನೆಯ ಹಿರಿಯ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅಣ್ಣ ಹೋದ ಮೇಲೆ ಹಿರಿಯ ನಾನು. ಯಾವ ತಪ್ಪು ಎಂದು ಆ ಮಾತಿನಲ್ಲಿ ಹೇಳಬೇಕಾಗಿಲ್ಲ. ಇಷ್ಟು ವರ್ಷ ನನಗೆ ಅದೇ ಅನುಕೂಲವಾಗಿತ್ತು.

ನಿನ್ನೆ ಬಡಿಸಿ ಆಯಿತು. ಅತ್ತಿಗೆ ಕೈ ಮುಗಿದು ನಿಂತಿದ್ದರು, ಪಕ್ಕದಲ್ಲಿ ಅಣ್ಣನ ಮಗಳು. ವಾಡಿಕೆಯ ಮಾತು ನನ್ನ ಬಾಯಿಗೆ ಬರಲಿಲ್ಲ.

"ಅಣ್ಣಾ, ಆ ತಂತಿ ನಾನು ಕಟ್ಟಿರ್ಲಿಲ್ಲ. ಕಟ್ಟಿದ್ದೇನೆ ಅಂತ ನಿನ್ನ ಹತ್ರ ಸುಳ್ಳು ಹೇಳಿದೆ. ನೀನು ಕಳ್ಳ ಅಲ್ಲ. ತಪ್ಪಾಯ್ತು ಅಣ್ಣ... ನಿನಗೂ, ಇವರಿಗೂ ನಾನು ಮಾಡಿದ್ದು ತಪ್ಪಾಯ್ತು."